ಮುಖಪುಟದ ಹೆಸರು ಯಾರ ಹಕ್ಕು? ಕಾವ್ಯನಾಮ ಬೇಡವೆನ್ನುವವರಿಗೆ ಉತ್ತರ

ಪುಸ್ತಕ ಬರೆದವರು ದಾಖಲೆಯಲ್ಲಿರುವ ಹೆಸರನ್ನೇ ಮುಖಪುಟಕ್ಕೆ ಹಾಕಬೇಕು, ಕಾವ್ಯನಾಮದ ಕಾಲ ಮುಗಿಯಿತು ಎಂದು ವಾದಿಸುವವರು ಆಳಂದ, ಅಫಜಲಪುರ, ಜೇವರ್ಗಿಯ ಸಾಹಿತ್ಯಾಸಕ್ತರ ನಡುವೆಯೂ ಇದ್ದಾರೆ. ತಮ್ಮ ನಿಲುವಿಗೆ ಅವರು ಐದು ಕಾರಣ ಕೊಡುತ್ತಾರೆ. ಒಂದೊಂದನ್ನೂ ಅವರು ಹೇಳುವಂತೆಯೇ ಮುಂದಿಟ್ಟು ಉತ್ತರಿಸುತ್ತೇನೆ. ತೀರ್ಪು ಓದುಗರದು.

ಕಾವ್ಯನಾಮವೆಂದರೆ ಓದುಗರಿಗೆ ಮಾಡುವ ಮೋಸ ಎಂಬುದು ಮೊದಲನೆಯದು. ಮೋಸ ನಡೆದಿದ್ದರೆ ಮೋಸಹೋದವರಿರಬೇಕು, ಅವರು ಏನನ್ನಾದರೂ ಕಳೆದುಕೊಂಡಿರಬೇಕು. ‘ಶರಪಂಜರ’ವನ್ನು ಬರೆದ ತ್ರಿವೇಣಿಯವರ ಹೆಸರು ಅನಸೂಯಾ ಶಂಕರ್. ಅದು ತಿಳಿಯದೆ ಕಾದಂಬರಿ ಓದಿದವರು ಕಳೆದುಕೊಂಡದ್ದೇನು? ಅಫಜಲಪುರದಿಂದ ಭೀಮಾ ನದಿ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿನ ಹಲಸಂಗಿಯ ಚೆನ್ನಮಲ್ಲಪ್ಪ ಗಲಗಲಿಯವರನ್ನು ನಾಡು ಮಧುರಚೆನ್ನರೆಂದೇ ಓದಿತು, ಮಧುರಚೆನ್ನರೆಂದೇ ಪ್ರೀತಿಸಿತು. ವಂಚನೆಗೊಳಗಾದೆನೆಂದು ದೂರು ಹೇಳಿದ ಓದುಗನೊಬ್ಬನನ್ನೂ ಈ ವಾದಿಗಳು ತೋರಿಸುವುದಿಲ್ಲ. ಬಲಿಪಶುವೇ ಇಲ್ಲದ ಅಪರಾಧವನ್ನು ಅವರು ಕಾವ್ಯನಾಮದ ಮೇಲೆ ಹೊರಿಸಿದ್ದಾರೆ.

ಎರಡನೆಯ ಆರೋಪ ಹೇಡಿತನದ್ದು. ಧೈರ್ಯವಿದ್ದವರು ಸ್ವಂತ ಹೆಸರಿನಲ್ಲಿ ಬರೆಯುತ್ತಾರೆ, ಇಲ್ಲದವರು ಬೇರೊಂದು ಹೆಸರಿನ ಹಿಂದೆ ಅಡಗುತ್ತಾರೆ ಎನ್ನುತ್ತಾರೆ. ಇದು ನಿಜವಾದರೆ ಬೇಂದ್ರೆಯವರನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು? ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದ ಈ ಕವಿಯನ್ನು ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರ್ಕಾರ 1932ರಲ್ಲಿ ಜೈಲಿಗೆ ಹಾಕಿತು. ಕಾವ್ಯನಾಮ ಅವರನ್ನು ಅಡಗಿಸಲಿಲ್ಲ, ಅವರು ಅಡಗಲು ಬಯಸಿರಲೂ ಇಲ್ಲ. ಇದೇ ವಾದಿಗಳು ಇನ್ನೊಮ್ಮೆ, ಕಾವ್ಯನಾಮವೆಂದರೆ ತಮಗೆ ತಾವೇ ಬಿರುದು ಕೊಟ್ಟುಕೊಂಡು ಮೆರೆಯುವ ಚಾಳಿ ಎಂದೂ ಮೂದಲಿಸುತ್ತಾರೆ. ಅಡಗುವವನು ಮೆರೆಯಲಾರ, ಮೆರೆಯುವವನು ಅಡಗಲಾರ. ಎರಡರಲ್ಲಿ ಯಾವ ಆರೋಪವನ್ನು ಉಳಿಸಿಕೊಳ್ಳುತ್ತಾರೆಂದು ಅವರು ಮೊದಲು ತೀರ್ಮಾನಿಸಲಿ.

ಮೂರನೆಯ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿದೆ: ಹೆಸರಿಲ್ಲದಿದ್ದರೆ ಹೊಣೆಯೂ ಇಲ್ಲ, ಯಾರ ಮೇಲೆ ಏನನ್ನು ಬೇಕಾದರೂ ಬರೆದು ತಪ್ಪಿಸಿಕೊಳ್ಳಬಹುದು. ಕಾನೂನು ಹೀಗೆ ಯೋಚಿಸಿಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ ಮುದ್ರಕರ ಮತ್ತು ಪ್ರಕಾಶಕರ ಹೆಸರನ್ನು ಪುಸ್ತಕದಲ್ಲಿ ಅಚ್ಚುಹಾಕಬೇಕೆಂದಿತು. ಲೇಖಕರ ಹುಟ್ಟುಹೆಸರು ಅಚ್ಚಾಗಲೇಬೇಕೆಂದು ಹೇಳಲಿಲ್ಲ. ಮಾನಹಾನಿಯ ಮೊಕದ್ದಮೆ ಹಾಕಿದಾಗ ಮುಖಪುಟದಲ್ಲಿರುವುದು ಕಾವ್ಯನಾಮ ಎಂಬ ಕಾರಣಕ್ಕೆ ಬರೆದವರಿಗೆ ವಿನಾಯಿತಿ ಸಿಗುವುದಿಲ್ಲ, ಪ್ರಕಟಿಸಿದವರಿಗೂ ಸಿಗುವುದಿಲ್ಲ. ಕೇಂದ್ರ ಸರ್ಕಾರದ ನೌಕರರ 1964ರ ನಡತೆ ನಿಯಮಗಳು ಇನ್ನೂ ಸ್ಪಷ್ಟ. ಸರ್ಕಾರವನ್ನು ಟೀಕಿಸಬಾರದೆಂಬ ನಿರ್ಬಂಧ ಸ್ವಂತ ಹೆಸರಿನ ಬರಹಕ್ಕೆ ಹೇಗೋ ಹಾಗೆಯೇ ಅನಾಮಧೇಯ ಬರಹಕ್ಕೂ ಗುಪ್ತನಾಮದ ಬರಹಕ್ಕೂ ಅನ್ವಯಿಸುತ್ತದೆ. ಆ ನಿರ್ಬಂಧ ಸರಿಯೇ ಎಂಬುದು ಬೇರೆ ಚರ್ಚೆ. ಕಾವ್ಯನಾಮ ಹೊಣೆಯಿಂದ ಬಿಡಿಸುತ್ತದೆ ಎಂಬ ಮಾತಂತೂ ಇಲ್ಲಿ ನಿಲ್ಲುವುದಿಲ್ಲ.

ನಾಲ್ಕನೆಯವರು ಮುದ್ದಣನನ್ನು ಸಾಕ್ಷಿಗೆ ಕರೆಯುತ್ತಾರೆ. ನಂದಳಿಕೆಯ ಲಕ್ಷ್ಮೀನಾರಣಪ್ಪ ತನ್ನ ಕೃತಿಗಳನ್ನು ಹಳೆಯ ಕಾವ್ಯಗಳೆಂದು ಹೇಳಿ ಅಚ್ಚಿಗೆ ಕಳಿಸಿದ, 1901ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡ, ನಿಜ ಕರ್ತೃ ಅವನೇ ಎಂದು ಲೋಕಕ್ಕೆ ತಿಳಿದದ್ದು ಆಮೇಲೆ. ಆದ್ದರಿಂದ ಕಾವ್ಯನಾಮ ಕರ್ತೃತ್ವವನ್ನು ನುಂಗುತ್ತದೆ ಎನ್ನುತ್ತಾರೆ. ಸಾಕ್ಷಿ ನಿಜ, ತೀರ್ಮಾನ ತಪ್ಪು. ಆತ ತನ್ನನ್ನು ಮರೆಮಾಡಿದ್ದು ಹಳೆಯ ಕಾಲದ ಕವಿಯೊಬ್ಬನ ಹಿಂದೆ. ಹೊಸಬನ ಬರಹಕ್ಕೆ ಮನ್ನಣೆ ಸಿಗದೆಂಬ ಅಂಜಿಕೆ ಅವನನ್ನು ಅಲ್ಲಿಗೆ ದೂಡಿದ್ದರೆ, ಆ ತಪ್ಪು ಅಂದಿನ ವಿದ್ವತ್ತಿನದು. ಇಂದು ನಾವು ಅವನನ್ನು ಗುರುತಿಸುವುದಾದರೂ ಯಾವ ಹೆಸರಿನಿಂದ? ಮುದ್ದಣ ಎಂದೇ. 1957ರ ಕೃತಿಸ್ವಾಮ್ಯ ಕಾಯ್ದೆಯೂ ಗುಪ್ತನಾಮದ ಕೃತಿಗಳನ್ನು ಅನಾಥವಾಗಿ ಬಿಟ್ಟಿಲ್ಲ. ಅವಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆಯಿದೆ. ಅಷ್ಟರೊಳಗೆ ಕರ್ತೃ ಯಾರೆಂದು ಬಹಿರಂಗವಾದರೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಹೆಸರು ಹೇಳಬೇಕೋ ಬೇಡವೋ, ಹೇಳುವುದಾದರೆ ಯಾವಾಗ ಎಂಬುದನ್ನು ಶಾಸನವೇ ಬರೆದವರ ಇಚ್ಛೆಗೆ ಬಿಟ್ಟಿರುವಾಗ ಅದನ್ನು ಕಸಿದುಕೊಳ್ಳಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಪರಂಪರೆಯ ಮಾತು ಬಂದಾಗ ಇವರ ನುಣುಚಾಟ ಎದ್ದು ಕಾಣುತ್ತದೆ. ಜೇವರ್ಗಿಯ ಷಣ್ಮುಖ ಶಿವಯೋಗಿಗಳು 17ನೆಯ ಶತಮಾನದಲ್ಲಿ ತಮ್ಮ ವಚನಗಳಿಗೆಲ್ಲ ಗುರುವಿನ ಹೆಸರನ್ನೇ, ‘ಅಖಂಡೇಶ್ವರ’ ಎಂದು, ಅಂಕಿತವಾಗಿಟ್ಟರು. ಆಳಂದದ ಗಡಿ ದಾಟಿದರೆ ಮಹಾರಾಷ್ಟ್ರ, ಅಲ್ಲಿ ವಿ.ವಾ. ಶಿರವಾಡಕರರು ಕುಸುಮಾಗ್ರಜ. ಕಲಬುರಗಿ ಸೀಮೆಯಲ್ಲಿ ಉರ್ದು ಬಲ್ಲವರಿಗೆ ತಖಲ್ಲುಸ್ ಇಲ್ಲದ ಶಾಯರನೇ ಅಪರೂಪ. ಇದನ್ನೆಲ್ಲ ಎದುರಿಗಿಟ್ಟಾಗ ಸಿಗುವ ಉತ್ತರವಿದು: ಶರಣರ ಅಂಕಿತ ಬೇರೆ, ಅದು ಅಹಂಕಾರ ಕಳೆದುಕೊಳ್ಳುವ ದಾರಿ, ಇಂದಿನ ಕಾವ್ಯನಾಮಕ್ಕೆ ಆ ಘನತೆ ಇಲ್ಲ. ಬೇರೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹುಟ್ಟುಹೆಸರಿಲ್ಲದ ಬರಹಕ್ಕೆ ವಿಶ್ವಾಸಾರ್ಹತೆ ಇಲ್ಲ ಎಂಬುದು ಅವರ ಮೂಲವಾದ. ಅಖಂಡೇಶ್ವರನ ಅಂಕಿತ ಕಂಡು ನಂಬಿದ ಓದುಗರು ಆ ವಾದವನ್ನು ಶತಮಾನಗಳ ಹಿಂದೆಯೇ ತಳ್ಳಿಹಾಕಿದ್ದಾರೆ. ‘ಬಸವ ವಚನ ದೀಪ್ತಿ’ಯ ಪ್ರಕರಣವನ್ನೂ ನೆನೆಯಬಹುದು. ಬಸವಣ್ಣನ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬುದನ್ನು ‘ಲಿಂಗದೇವ’ ಎಂದು ಬದಲಿಸಿದ್ದಕ್ಕೆ ರಾಜ್ಯ ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬಸವಣ್ಣ ಎಂಬ ಹೆಸರನ್ನು ಯಾರೂ ಮುಟ್ಟಿರಲಿಲ್ಲ, ಮುಟ್ಟಿದ್ದು ಅಂಕಿತವನ್ನು ಮಾತ್ರ. ಬರೆದವರು ಆರಿಸಿಕೊಂಡ ಹೆಸರು ಬರಿಯ ಅಲಂಕಾರವಾಗಿದ್ದರೆ ನಾಡು ಅಷ್ಟು ನೊಂದುಕೊಂಡದ್ದು ಯಾತಕ್ಕೆ?

ಕೊನೆಯ ವಾದವನ್ನು ಪ್ರಗತಿಪರರ ಬಾಯಲ್ಲೂ ಕೇಳಿದ್ದೇನೆ. ಗೀತಾ ನಾಗಭೂಷಣ, ಚೆನ್ನಣ್ಣ ವಾಲೀಕಾರ ಸ್ವಂತ ಹೆಸರಿನಲ್ಲೇ ಬರೆದು ಗೆದ್ದರು, ಈಗಿನವರಿಗೇನು ಅಡ್ಡಿ ಎಂಬ ಪ್ರಶ್ನೆ. ಅವರಿಬ್ಬರ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಅದು ಧೈರ್ಯವಾದದ್ದು ಅವರೇ ಆರಿಸಿಕೊಂಡದ್ದರಿಂದ. ಎಲ್ಲರ ಮೇಲೂ ಹೇರಿದ ಮರುಗಳಿಗೆಗೆ ಅದು ಕಟ್ಟಳೆಯಾಗುತ್ತದೆ, ಕಟ್ಟಳೆ ಪಾಲಿಸಿದವರಿಗೆ ಧೈರ್ಯದ ಹೊಗಳಿಕೆ ಸಲ್ಲದು. ನಮ್ಮ ಕಡೆ ಅಡ್ಡಹೆಸರೊಂದು ಕಿವಿಗೆ ಬಿದ್ದರೆ ಸಾಕು, ಯಾವ ಊರು, ಯಾವ ಮನೆತನ, ಯಾವ ಜಾತಿ, ಯಾರ ಸೊಸೆ ಎಂಬ ಲೆಕ್ಕ ಶುರುವಾಗುತ್ತದೆ. ಭೀಮಾ ತೀರದ ಹಳ್ಳಿಯ ಸೊಸೆಯೊಬ್ಬಳು ಕೆಟ್ಟ ಅತ್ತೆಯ ಕತೆ ಬರೆದರೆ ಊರು ಅದನ್ನು ಅವಳ ಅತ್ತೆಯ ಮೇಲಿನ ದೂರೆಂದೇ ಓದುತ್ತದೆ. ಜಾತಿಯ ಅವಮಾನದ ಬಗ್ಗೆ ಬರೆದವನ ಕವಿತೆಗಿಂತ ಅವನ ಅಡ್ಡಹೆಸರಿನ ಚರ್ಚೆಯೇ ಹೆಚ್ಚು ನಡೆಯುತ್ತದೆ. ಕೃತಿಯನ್ನು ಕೃತಿಯಾಗಿ ಓದಿ ಎಂದು ಕೇಳಲು ಅವರಿಗಿರುವ ನೇರ ದಾರಿ ಕಾವ್ಯನಾಮ. ಅದನ್ನು ಮುಚ್ಚಿ, ಬರೆಯಲು ನಿಮಗೆ ಅಡ್ಡಿಯೇನು ಎಂದು ಕೇಳುವವರೇ ಆ ಅಡ್ಡಿಯಾಗಿ ನಿಂತಿದ್ದಾರೆ.

ಐದು ಕಾರಣಗಳಲ್ಲಿ ಒಂದೂ ನಿಲ್ಲಲಿಲ್ಲ. ಬರೆದವರು ಯಾರೆಂದು ತಿಳಿಯುವ ಹಕ್ಕು ಪ್ರಕಾಶಕರಿಗಿದೆ, ದೂರು ಬಂದರೆ ನ್ಯಾಯಾಲಯಕ್ಕಿದೆ. ಮುಖಪುಟದ ಮೇಲೆ ಯಾವ ಹೆಸರಿರಬೇಕೆಂದು ತೀರ್ಮಾನಿಸುವ ಹಕ್ಕು ಬರೆದವರೊಬ್ಬರದೇ. ನಮ್ಮ ಮೂರು ತಾಲ್ಲೂಕುಗಳ ಸಾಹಿತ್ಯ ವೇದಿಕೆಗಳು, ಸಂಕಲನದ ಸಂಪಾದಕರು, ಸ್ಪರ್ಧೆ ನಡೆಸುವವರು ಇಷ್ಟನ್ನು ಒಪ್ಪಿ ನಡೆದರೆ ಸಾಕು. ಒಪ್ಪದವರು ಹೊಸ ಕಾರಣವೊಂದನ್ನು ತರಲಿ, ಹಳೆಯ ಐದಕ್ಕೆ ಉತ್ತರವಾಗಿದೆ.