ಸೀರೆ ಬಿಚ್ಚಿದ ಲಕ್ಷ್ಮಿಗೆ ಬೆಲೆ ಹೆಚ್ಚಂತೆ

ಹೆದ್ದಾರಿ 66ರ ಚತುಷ್ಪಥಕ್ಕೆಂದು ಭಟ್ಕಳ, ಹೊನ್ನಾವರ, ಕುಮಟಾದ ಹಳೆಯ ಮನೆಗಳು ಉರುಳುವಾಗ ತೊಲೆ, ಕಂಬ, ಬಾಗಿಲುಗಳ ಜೊತೆ ಗೋಡೆಯ ರವಿವರ್ಮನ ಪಟಗಳೂ ಲಾರಿ ಹತ್ತಿದ್ದನ್ನು ನೋಡಿದ್ದೇನೆ.

ಹೊನ್ನಾವರದ ನಮ್ಮ ಅಮ್ಮಮ್ಮನ ಮನೆಗೂ ಒಬ್ಬ ಸಂಗ್ರಾಹಕ ತರುಣ ಬಂದಿದ್ದ. ಅಲ್ಲಿನ ಲಕ್ಷ್ಮಿಗೆ ಹಿರಿಯರಲ್ಲಿ ಯಾರೋ ಸೀರೆಯ ತುಂಡು ಅಂಟಿಸಿ, ಜರಿ, ಮಣಿ ಹೊಲಿದಿದ್ದರು. ಆತ ಗಾಜು ತೆಗೆಸಿ ನೋಡಿ, 'ಈ ಬಟ್ಟೆ ಕಿತ್ತು ಕೊಟ್ಟರೆ ಒಳ್ಳೆ ರೇಟು ಸಿಗುತ್ತೆ' ಎಂದ. 'ಮನೆಯವಳ ಸೀರೆ ಬಿಚ್ಚೂಕೆ ಆಗೂದಿಲ್ಲ ತಮಾ, ಚಾ ಕುಡ್ಕಂಡು ಹೋಗು' ಎಂದಳು ಅಮ್ಮಮ್ಮ.

ಆ ಒಬ್ಬ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅಚ್ಚಿನ ಚಿತ್ರವನ್ನೂ ಮುಟ್ಟದ, ಬಳಸದ ಕಾಗದವಾಗಿಯೇ ಬಯಸುವ ಸಂಗ್ರಹದ ರೂಢಿಯ ಮೇಲಿದೆ.

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದದ್ದೇ ಚಿತ್ರವನ್ನು ಅರಮನೆಯ ಗೋಡೆಯಿಂದ ಇಳಿಸಲು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಜರ್ಮನಿಯ ಯಂತ್ರ. ಸಾಲ ಏರಿ, ಅಚ್ಚುಕೂಟ ಲೋಣಾವಳದ ಬಳಿಯ ಮಳವ್ಲಿಗೆ ಹೋಗಿ, ಕೊನೆಗೆ ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನ ಪಾಲಾಯಿತು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಪಟಗಳು ಅಚ್ಚಾಗುತ್ತಲೇ ಇದ್ದವು. ದೇವಸ್ಥಾನದ ಹೊಸ್ತಿಲು ದಾಟಲು ಬಿಡದವರ ಮನೆಯ ಗೋಡೆಗೂ ದೇವರು ಬಂದದ್ದು ಹೀಗೆ. ಸಾವಿರ ಗೋಡೆಗೆ ಸಾವಿರ ಪ್ರತಿ ಹೋಗಲೆಂದೇ ಮಾಡಿದ ವಸ್ತು ಇದು.

ಈಗಿನ 'ಲಿಮಿಟೆಡ್ ಎಡಿಶನ್' ಪ್ರಿಂಟುಗಳನ್ನು ನೋಡಿ. ಕಲಾವಿದ ತಾಮ್ರದ ತಗಡಿನ ಮೇಲೆ ಕೆತ್ತಿ ತೆಗೆದ ಅಚ್ಚಾದರೆ ಮಾತು ಬೇರೆ. ತಗಡು ಸವೆಯುತ್ತದೆ, ಸಂಖ್ಯೆಗೆ ಅರ್ಥವಿದೆ. ಕಂಪ್ಯೂಟರಿನ ಫೈಲಿನಿಂದ ಇಂಕ್‌ಜೆಟ್‌ನಲ್ಲಿ ತೆಗೆದ ಪ್ರತಿಯ ಮೂಲೆಯಲ್ಲಿ 7/100 ಎಂದು ಬರೆದರೆ ಸವೆದದ್ದೇನು? ಪೆನ್ಸಿಲಿನ ಮೊನೆ.

ಸಂಗ್ರಾಹಕರಿಲ್ಲದಿದ್ದರೆ ಎಷ್ಟೋ ಪಟಗಳು ನಮ್ಮ ಮಳೆಗಾಲಕ್ಕೆ, ಗೆದ್ದಲಿಗೆ ಹೋಗುತ್ತಿದ್ದವು. ಒಪ್ಪಿದೆ. ಕೂಡಿಡುವುದಾದರೆ ಕುಂಕುಮದ ಕಲೆ, ಧೂಪದ ಮಸಿ, ಹೊಲಿಗೆ ಸಮೇತ ಕೂಡಿಡಿ. ಯಾವ ಊರಿನ ಯಾವ ಗೋಡೆಯಿಂದ ಬಂತು, ಹೊಲಿದವರು ಯಾರು ಎಂದು ಹಿಂದೆ ಬರೆದಿಡಿ. ಸಾವಿರ ಪ್ರತಿಗಳಲ್ಲಿ ಆ ಸೀರೆ ಇರುವುದು ಒಂದಕ್ಕೇ. ಅಪರೂಪದ್ದೇ ಬೇಕು ಎನ್ನುವವರು ಅದನ್ನೇ ಕಿತ್ತು ಬಿಸಾಡಿಸುತ್ತಿದ್ದಾರೆ!

ಅಮ್ಮಮ್ಮನ ಲಕ್ಷ್ಮಿ ಈಗ ಕುಮಟಾದಲ್ಲಿ ನನ್ನ ಬಳಿ ಇದೆ. ಹಿಂದಿನ ಹಲಗೆಯ ಮೇಲೆ ಹೊಲಿದವಳ ಹೆಸರು ಬರೆಯಬೇಕೆಂದು ಹೊರಟೆ. ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ.