ತದ್ರೂಪದ ವ್ಯಾಪಾರ

ಸಾಕಿದ ಪ್ರಾಣಿಯ ಮರಣವು ಮನೆಯವರ ಮನಸ್ಸನ್ನು ನೋಯಿಸುವುದು ಸಹಜ. ಹತ್ತು ಹನ್ನೆರಡು ವರ್ಷ ಬಾಗಿಲು ಕಾಯ್ದ ನಾಯಿ, ಒಲೆಯ ಬದಿಯಲ್ಲಿ ಮಲಗುತ್ತಿದ್ದ ಬೆಕ್ಕು, ನೇಗಿಲಿಗೆ ಹೆಗಲು ಕೊಟ್ಟ ಎತ್ತು ಇಲ್ಲವಾದಾಗ ಆ ದಿನ ಅನ್ನ ಸೇರದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ದುಃಖವನ್ನು ಹಗುರವಾಗಿ ಕಾಣುವುದು ಈ ಲೇಖನದ ಉದ್ದೇಶವಲ್ಲ. ಆ ದುಃಖಕ್ಕೆ ಬೆಲೆ ಕಟ್ಟಿ ನಡೆಯುತ್ತಿರುವ ವ್ಯಾಪಾರವೊಂದನ್ನು ಪ್ರಶ್ನಿಸುವುದೇ ಇದರ ಉದ್ದೇಶ. ಅಮೆರಿಕದ ಟೆಕ್ಸಾಸ್ ಪ್ರಾಂತದ ವಯಾಜೆನ್ ಎಂಬ ಕಂಪನಿಯು ಅಗಲಿದ ನಾಯಿಯ ತದ್ರೂಪಿಗೆ ೫೦,೦೦೦ ಡಾಲರುಗಳ ಬೆಲೆಯನ್ನಿಟ್ಟಿದೆ. ನಮ್ಮ ಲೆಕ್ಕದಲ್ಲಿ ಅದು ನಲವತ್ತು ಲಕ್ಷ ರೂಪಾಯಿಗೂ ಮಿಕ್ಕ ಮೊತ್ತ. ಕೊಳ್ಳುವವರೂ ಇದ್ದಾರೆ. ಹಣವುಳ್ಳವನು ತನ್ನ ಹಣದಿಂದ ತನಗೆ ಬೇಕಾದುದನ್ನು ಕೊಂಡರೆ ಇತರರಿಗೇನು ಎಂದು ಕೇಳುವವರಿಗೆ ಉತ್ತರ ಹೇಳಲೇಬೇಕಾಗಿದೆ.

ಮೊದಲು ಈ ಕಾರ್ಯ ನಡೆಯುವ ಬಗೆಯನ್ನು ತಿಳಿಯೋಣ. ಪ್ರಾಣಿಯ ಚರ್ಮದ ಒಂದು ಚೂರಿನಿಂದ ಜೀವಕೋಶಗಳನ್ನು ಬೆಳೆಸಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಅದೇ ಜಾತಿಯ ಬೇರೊಂದು ಹೆಣ್ಣಿನ ಅಂಡಾಣುವನ್ನು ತೆಗೆದು, ಅದರ ಕೇಂದ್ರಬೀಜವನ್ನು ಹೀರಿ ಎಸೆದು, ಅದರ ಸ್ಥಾನದಲ್ಲಿ ಅಗಲಿದ ಪ್ರಾಣಿಯ ಜೀವಕೋಶವನ್ನಿರಿಸಿ, ವಿದ್ಯುತ್ತಿನ ಸಣ್ಣ ಆಘಾತದಿಂದ ಎರಡನ್ನೂ ಬೆಸೆಯುತ್ತಾರೆ. ಹೀಗೆ ಉಂಟಾದ ಭ್ರೂಣವನ್ನು ಮೂರನೆಯ ಹೆಣ್ಣಿನ ಗರ್ಭದಲ್ಲಿ ಇಡುತ್ತಾರೆ. ಸ್ಕಾಟ್‌ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ೧೯೯೬ರ ಜುಲೈ ೫ರಂದು ಡಾಲಿ ಎಂಬ ಕುರಿಮರಿ ಹುಟ್ಟಿದ್ದು ಈ ಕ್ರಮದಿಂದಲೇ. ಅಂದು ಬೆಸೆದ ಅಂಡಾಣುಗಳು ೨೭೭. ಅವುಗಳಲ್ಲಿ ಭ್ರೂಣವಾಗಿ ಬೆಳೆದವು ೨೯. ಅವನ್ನು ಹೊತ್ತ ಕುರಿಗಳು ೧೩. ಹುಟ್ಟಿದ ಮರಿ ಒಂದೇ ಒಂದು. ಆ ಡಾಲಿಯೂ ಶ್ವಾಸಕೋಶದ ರೋಗಕ್ಕೆ ತುತ್ತಾಗಿ ೨೦೦೩ರಲ್ಲಿ, ಆರನೆಯ ವಯಸ್ಸಿನಲ್ಲಿ, ಮರಣ ಹೊಂದಿತು.

ನಾಯಿಯ ವಿಷಯದಲ್ಲಿ ಕೆಲಸ ಇನ್ನೂ ಕಠಿಣ. ಹೆಣ್ಣುನಾಯಿಗೆ ಬೆದೆ ಬರುವುದೇ ವರ್ಷಕ್ಕೆ ಒಂದೆರಡು ಸಲ. ಅದರ ಅಂಡಾಣು ಪಕ್ವವಾಗದೆಯೇ ಹೊರಬಿದ್ದು, ಅಂಡನಾಳದಲ್ಲಿ ಪಕ್ವವಾಗುತ್ತದೆ. ಪ್ರಯೋಗಶಾಲೆಯಲ್ಲಿ ಅದನ್ನು ಮಾಗಿಸುವುದು ಸುಲಭಸಾಧ್ಯವಲ್ಲ. ಆದುದರಿಂದ ಹೊಟ್ಟೆಯನ್ನು ಕೊಯ್ದು, ನಾಳವನ್ನು ತೊಳೆದು ಅಂಡಾಣುಗಳನ್ನು ತೆಗೆಯಬೇಕಾಗುತ್ತದೆ. ೨೦೦೫ರಲ್ಲಿ ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ನಪ್ಪಿ ಎಂಬುದೇ ಜಗತ್ತಿನ ಮೊದಲ ತದ್ರೂಪಿ ನಾಯಿ. ಅದಕ್ಕಾಗಿ ೧,೦೯೫ ಭ್ರೂಣಗಳನ್ನು ೧೨೩ ನಾಯಿಗಳ ಗರ್ಭದಲ್ಲಿ ಇಡಲಾಯಿತು. ಗರ್ಭ ನಿಂತದ್ದು ಮೂರಕ್ಕೆ. ಒಂದು ಗರ್ಭ ಜಾರಿತು. ಹುಟ್ಟಿದ ಎರಡರಲ್ಲಿ ಒಂದು ೨೨ ದಿನಗಳಲ್ಲಿ ಫುಪ್ಪುಸದ ಉರಿಯೂತದಿಂದ ಸತ್ತಿತು. ಉಳಿದದ್ದು ಸ್ನಪ್ಪಿ ಒಂದೇ. ಆ ತಂಡದ ಮುಖ್ಯಸ್ಥನಾಗಿದ್ದ ಹ್ವಾಂಗ್ ವೂ-ಸುಕ್ ಎಂಬ ವಿಜ್ಞಾನಿಯು ಮಾನವ ಭ್ರೂಣಕೋಶಗಳ ಬಗ್ಗೆ ಪ್ರಕಟಿಸಿದ್ದ ಫಲಿತಾಂಶಗಳು ಸುಳ್ಳೆಂದು ೨೦೦೬ರಲ್ಲಿ ವಿಶ್ವವಿದ್ಯಾಲಯದ ವಿಚಾರಣೆಯೇ ಸಾರಿತು. ಸ್ನಪ್ಪಿ ಮಾತ್ರ ನಿಜವಾದ ತದ್ರೂಪಿಯೆಂದು ಅದೇ ವಿಚಾರಣೆ ಒಪ್ಪಿತು. ಆದುದರಿಂದ ವಾದವು ಇದು ಸಾಧ್ಯವೋ ಅಸಾಧ್ಯವೋ ಎಂಬುದಲ್ಲ. ಸಾಧ್ಯ. ಯಾರ ಮೈಮೇಲೆ ಸಾಧ್ಯ ಎಂಬುದೇ ಪ್ರಶ್ನೆ.

ಇಲ್ಲಿಯೇ ಪ್ರೀತಿಯ ಹೆಸರಿನ ಈ ವ್ಯಾಪಾರದ ಒಳಮುಖ ಕಾಣುತ್ತದೆ. ಒಡೆಯನು ತನ್ನ ನಾಯಿಯನ್ನು ಪ್ರೀತಿಸಿದ್ದು ಏಕೆ? ಅದು ನೋವನ್ನು ಬಲ್ಲದು, ನಂಬುಗೆಯನ್ನು ಬಲ್ಲದು, ಮೈದಡವಿದರೆ ಹಿಗ್ಗುವುದು, ಗದರಿದರೆ ಕುಗ್ಗುವುದು ಎಂಬ ಕಾರಣದಿಂದಲ್ಲವೆ? ಹಾಗಾದರೆ ಅಂಡಾಣುವಿಗಾಗಿ ಹೊಟ್ಟೆ ಕೊಯ್ಸಿಕೊಂಡ ನಾಯಿಗೆ ಆ ನೋವಿಲ್ಲವೆ? ಪರರ ಭ್ರೂಣವನ್ನು ಹೊತ್ತು, ಹೆತ್ತ ಮರಿ ಹಾಲು ಬಿಡುವ ಹೊತ್ತಿಗೆ ಅದನ್ನು ಒಪ್ಪಿಸಿ ಮತ್ತೆ ಗೂಡಿಗೆ ಮರಳುವ ನಾಯಿಗೆ ಕರುಳಿಲ್ಲವೆ? ಅವೂ ನಾಯಿಗಳೇ. ಅವುಗಳಿಗೆ ಹೆಸರಿಲ್ಲ, ಚಿತ್ರಪಟವಿಲ್ಲ, ಅತ್ತು ಕರೆಯುವ ಒಡೆಯನಿಲ್ಲ, ಅಷ್ಟೇ ವ್ಯತ್ಯಾಸ. ತನ್ನ ಮನೆಯ ಒಂದು ದೀಪ ಆರಿತೆಂದು ನೆರೆಹೊರೆಯ ಹಣತೆಗಳ ಎಣ್ಣೆಯನ್ನೆಲ್ಲ ಸುರಿದುಕೊಳ್ಳುವವನನ್ನು ಬೆಳಕಿನ ಪ್ರೇಮಿಯೆಂದು ಯಾರೂ ಕರೆಯಲಾರರು.

ಇಷ್ಟು ಹಿಂಸೆಯ ಫಲವಾದರೂ ಏನು? ಹೋದ ಜೀವವು ಮರಳಿತೆ? ಮಾರುವವರೂ ಸಹ ತದ್ರೂಪಿಯನ್ನು ತಡವಾಗಿ ಹುಟ್ಟಿದ ಅವಳಿ ಎಂದೇ ಬಣ್ಣಿಸುತ್ತಾರೆ. ಅವಳಿಗಳಲ್ಲಿ ಒಬ್ಬನು ತೀರಿಕೊಂಡಾಗ ಇನ್ನೊಬ್ಬನನ್ನು ತೋರಿಸಿ, ಅವನೇ ಇವನು, ಅಳಬೇಡ ಎಂದು ತಾಯಿಗೆ ಹೇಳಲು ಬರುವುದೆ? ಅವಳಿಯ ಹೋಲಿಕೆಯೂ ಇಲ್ಲಿ ಪೂರ್ಣವಾಗಿ ದೊರೆಯುವುದಿಲ್ಲ. ೨೦೦೧ರ ಡಿಸೆಂಬರ್ ೨೨ರಂದು ಟೆಕ್ಸಾಸಿನ ಕೃಷಿ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಿಸಿ ಎಂಬ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು. ಅದಕ್ಕೆ ಜೀವಕೋಶ ಕೊಟ್ಟ ರೇನ್‌ಬೋ ಎಂಬ ಬೆಕ್ಕಿನ ಮೈಯಲ್ಲಿ ಬಿಳಿ, ಕಪ್ಪು, ಕಿತ್ತಳೆ ಎಂಬ ಮೂರು ಬಣ್ಣಗಳಿದ್ದವು. ಸಿಸಿಯ ಮೈಯಲ್ಲಿ ಕಿತ್ತಳೆಯ ಸುಳಿವೇ ಇರಲಿಲ್ಲ. ಹೆಣ್ಣುಬೆಕ್ಕಿನ ಒಂದೊಂದು ಜೀವಕೋಶದಲ್ಲಿಯೂ ಎರಡು ಎಕ್ಸ್ ವರ್ಣತಂತುಗಳಿದ್ದು, ಭ್ರೂಣದ ಎಳವೆಯಲ್ಲಿಯೇ ಅವುಗಳಲ್ಲೊಂದು ಸ್ತಬ್ಧವಾಗುತ್ತದೆ. ಯಾವ ಕೋಶದಲ್ಲಿ ಯಾವುದು ಸ್ತಬ್ಧವಾಗುವುದೆಂಬುದು ಆಕಸ್ಮಿಕ. ಮೈಯ ಮಚ್ಚೆಗಳು ಆ ಆಕಸ್ಮಿಕದ ಬರಹ. ತೊಗಲಿನ ಬಣ್ಣವೇ ಹೀಗೆ ಕೈತಪ್ಪುವಾಗ ಗುಣಸ್ವಭಾವಗಳು ಕೈಗೆ ಸಿಕ್ಕಾವೆ? ಅಮೆರಿಕದ ಪ್ರಸಿದ್ಧ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ ತಮ್ಮ ನಾಯಿ ಸಮಾಂತಾಳಿಂದ ಎರಡು ತದ್ರೂಪಿಗಳನ್ನು ಪಡೆದ ಸಂಗತಿಯನ್ನು ೨೦೧೮ರಲ್ಲಿ ಬಹಿರಂಗಪಡಿಸಿದಾಗ, ಅವುಗಳ ಸ್ವಭಾವ ಬೇರೆಯೆಂದು ತಾವೇ ಹೇಳಿದರು. ನಮ್ಮ ಭಾಷೆಯ ಮಾತು ಇಲ್ಲಿ ಪ್ರಾಮಾಣಿಕವಾಗಿದೆ. ತದ್ರೂಪವೆಂಬ ಪದವು ರೂಪವನ್ನಷ್ಟೇ ಹೇಳುತ್ತದೆ, ಜೀವವನ್ನು ಹೇಳುವುದಿಲ್ಲ.

ಹೊಸದಾಗಿ ಹುಟ್ಟಿದ ಮರಿಗೂ ಇದು ಅನ್ಯಾಯವೇ. ಅದು ತನ್ನ ಬಾಳನ್ನು ತಾನು ಬಾಳಲು ಬಂದ ಜೀವ. ಸತ್ತ ನಾಯಿಯ ಹೆಸರನ್ನು ಅದರ ಕೊರಳಿಗೆ ಕಟ್ಟಿ, ಆ ನಾಯಿಯಂತೆ ಕುಣಿಯಲಿಲ್ಲ, ಆ ನಾಯಿಯಂತೆ ನೋಡಲಿಲ್ಲ ಎಂದು ದಿನವೂ ತೂಗಿ ನೋಡುವ ಮನೆಯಲ್ಲಿ ಅದಕ್ಕೆ ದೊರೆಯುವುದು ಪ್ರೀತಿಯಲ್ಲ, ಪರೀಕ್ಷೆ.

ಪ್ರತಿವಾದಗಳಿಲ್ಲದಿಲ್ಲ. ವಿದ್ಯೆ ಈಗ ಸುಧಾರಿಸಿದೆ, ಅಷ್ಟು ನಾಯಿಗಳು ಬೇಕಾಗುವುದಿಲ್ಲ ಎನ್ನುತ್ತಾರೆ. ಸುಧಾರಿಸಿರಬಹುದು. ಆದರೆ ಅಂಡಾಣು ಕೊಡುವ ಹೆಣ್ಣೂ ಗರ್ಭ ಹೊರುವ ಹೆಣ್ಣೂ ಇಲ್ಲದೆ ಇಂದಿಗೂ ಒಂದು ಮರಿ ಹುಟ್ಟುವುದಿಲ್ಲ. ಒಂದು ಮರಿಗೆ ಎಷ್ಟು ಶಸ್ತ್ರಕ್ರಿಯೆ, ಎಷ್ಟು ಗರ್ಭಪಾತ, ಎಷ್ಟು ಸಾವು ಎಂಬ ಲೆಕ್ಕವನ್ನು ಬೆಲೆಪಟ್ಟಿಯ ಪಕ್ಕದಲ್ಲಿಯೇ ಬರೆದು ತೂಗುಹಾಕಲಿ; ಆಮೇಲೆ ಕೊಳ್ಳುವವನ ಪ್ರೀತಿ ಎಂಥದೆಂದು ನೋಡೋಣ. ಜಾತಿನಾಯಿಗಳನ್ನು ಸಾಕಿ ಮಾರುವವರೂ ಕ್ರೂರಿಗಳಲ್ಲವೆ ಎಂದು ಕೇಳುತ್ತಾರೆ. ಹೌದು, ಅವರಲ್ಲಿ ಹಲವರು ಕ್ರೂರಿಗಳೇ. ಒಂದು ಕೇಡನ್ನು ತೋರಿಸಿ ಇನ್ನೊಂದು ಕೇಡಿಗೆ ರಹದಾರಿ ಕೇಳುವುದು ನ್ಯಾಯವಲ್ಲ.

ಹಾಗಾದರೆ ಈ ವಿದ್ಯೆಯನ್ನೇ ತೊರೆಯಬೇಕೆ? ಆ ಮಾತನ್ನು ನಾವು ಹೇಳುವುದಿಲ್ಲ. ನಮ್ಮ ದೇಶದ ಕರ್ನಾಲದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ೨೦೦೯ರಲ್ಲಿ ಗರಿಮಾ ಎಂಬ ತದ್ರೂಪಿ ಎಮ್ಮೆಗರು ಹುಟ್ಟಿತು. ಒಳ್ಳೆಯ ತಳಿಯನ್ನು ಹೆಚ್ಚಿಸಿ ರೈತನಿಗೆ ನೆರವಾಗುವುದು ಅದರ ಉದ್ದೇಶ. ಅಳಿವಿನ ಅಂಚಿಗೆ ಬಂದ ಕರಿಗಾಲಿನ ಫೆರೆಟ್ ಎಂಬ ಅಮೆರಿಕದ ಪ್ರಾಣಿಯ ಸಂತತಿಗೆ ಹೊಸ ರಕ್ತ ತುಂಬಲೆಂದು, ೧೯೮೮ರಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಶಗಳಿಂದ ೨೦೨೦ರ ಡಿಸೆಂಬರಿನಲ್ಲಿ ಒಂದು ಮರಿಯನ್ನು ಪಡೆದರು. ಅಲ್ಲಿಯೂ ಪ್ರಾಣಿಗಳಿಗೆ ನೋವುಂಟು. ಆದುದರಿಂದ ಅಲ್ಲಿಯೂ ಎಚ್ಚರಿಕೆ ಬೇಕು, ಮೇಲ್ವಿಚಾರಣೆ ಬೇಕು. ಆದರೂ ಒಂದು ಕುಲದ ಉಳಿವು, ಹಲವರ ಜೀವನೋಪಾಯ ಎಂಬ ತಕ್ಕಡಿಯ ಬಟ್ಟಲು ಬರಿದಾಗಿಲ್ಲ. ಸಾಕುಪ್ರಾಣಿಯ ತದ್ರೂಪಿನಲ್ಲಿ ಆ ಬಟ್ಟಲಿನಲ್ಲಿರುವುದು ಒಬ್ಬ ಸಿರಿವಂತನ ಸಾಂತ್ವನ ಮಾತ್ರ. ಆ ಸಾಂತ್ವನವೂ ಭ್ರಮೆಯ ಮೇಲೆ ನಿಂತದ್ದು.

ನಮ್ಮ ಹಿರಿಯರಿಗೆ ನಾಯಿಯ ಮೇಲಣ ಮಮತೆ ತಿಳಿದಿರಲಿಲ್ಲವೆಂದು ಯಾರೂ ಭಾವಿಸಬಾರದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಅದಕ್ಕೆ ಸಾಕ್ಷಿ. ಹತ್ತನೆಯ ಶತಮಾನದ ನಡುವೆ, ತಕ್ಕೋಲದ ಕಾಳಗವಾದ ಕಾಲದಲ್ಲಿ, ಗಂಗರ ಬೂತುಗನ ವೀರನಾದ ಮಣಲೆರನು ತನ್ನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ಕಾಳಿಯು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಮಡಿಯಿತು. ಮಣಲೆರನು ಏನು ಮಾಡಿದನು? ಕಲ್ಲು ನೆಡಿಸಿದನು, ಆ ಕಾಳಗವನ್ನು ಕೆತ್ತಿಸಿದನು, ಭೂಮಿಯನ್ನು ದತ್ತಿ ಬಿಡಿಸಿದನು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳಾದರೂ ಕಾಳಿಯ ಹೆಸರು ಅಳಿದಿಲ್ಲ. ಅದು ಸತ್ತಿತೆಂದು ಒಪ್ಪಿದ ಪ್ರೀತಿಯೇ ಅದನ್ನು ಉಳಿಸಿತು.

ನಮ್ಮ ರೈತನೂ ದುಡಿದ ಎತ್ತು ಸತ್ತರೆ ಅದನ್ನು ಹೊಲದಲ್ಲಿ ಹೂಳುತ್ತಾನೆ, ಒಂದು ಹಿಡಿ ಮಣ್ಣು ಹಾಕಿ ಕೈಮುಗಿಯುತ್ತಾನೆ, ಕೆಲವು ದಿನ ಬರಿದಾದ ಗೋದಲಿಯನ್ನು ನೋಡಿ ನಿಡುಸುಯ್ಯುತ್ತಾನೆ. ಬಳಿಕ ಬೇರೊಂದು ಹೋರಿಯನ್ನು ತಂದು, ಅದಕ್ಕೆ ಅದರದೇ ಹೆಸರಿಟ್ಟು ಕರೆಯುತ್ತಾನೆ. ಈ ನಡತೆಯಲ್ಲಿ ದುಃಖವೂ ಇದೆ, ವಿವೇಕವೂ ಇದೆ.

ತದ್ರೂಪಿಗೆ ತೆರುವ ನಲವತ್ತು ಲಕ್ಷ ರೂಪಾಯಿಗಳಲ್ಲಿ ಗಾಯಗೊಂಡ, ಹಸಿದ, ಒಡೆಯನಿಲ್ಲದ ಎಷ್ಟು ನಾಯಿಗಳಿಗೆ ಚಿಕಿತ್ಸೆ, ಅನ್ನ, ನೆರಳು ದೊರೆತಾವು ಎಂಬುದನ್ನು ಓದುಗರೇ ಲೆಕ್ಕಹಾಕಲಿ. ನಮ್ಮ ಊರುಗಳ ಬೀದಿಗಳಲ್ಲಿ ಇಂಥ ಮರಿಗಳಿಗೆ ಬರವಿಲ್ಲ. ಮಠದ ವಿದ್ಯಾರ್ಥಿನಿಲಯದಲ್ಲಿ ಉಂಡು ಬೆಳೆದು ಇಂದು ದೇಶವಿದೇಶಗಳಲ್ಲಿ ಅನುಕೂಲಸ್ಥರಾಗಿರುವ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅವರ ಮನೆಗಳಲ್ಲಿಯೂ ಸಾಕಿದ ನಾಯಿಗೆ ಒಂದು ದಿನ ಮುಪ್ಪು ಬರುತ್ತದೆ. ಆಗ ಚರ್ಮದ ಚೂರನ್ನು ಕಳಿಸಿರೆಂದು ಹೇಳುವ ವ್ಯಾಪಾರಿಯ ಮಾತಿಗೆ ಅವರು ಕಿವಿಗೊಡದಿರಲಿ. ಅಗಲಿದ ಜೀವವನ್ನು ಗೌರವದಿಂದ ಮಣ್ಣಿಗೆ ಒಪ್ಪಿಸಿ, ಅದರ ನೆನಪಿನಲ್ಲಿ ಬೀದಿಯ ಒಂದು ಮರಿಯನ್ನು ಮನೆಗೆ ತರಲಿ. ಸತ್ತ ನಾಯಿ ಅದರಿಂದ ಬದುಕುವುದಿಲ್ಲ. ಬದುಕಿರುವ ನಾಯಿಯೊಂದು ಸಾಯದೆ ಉಳಿಯುತ್ತದೆ.