ಮೊಬೈಲ್ ಅಂಗಡಿಯಲ್ಲಿ ಸಿಗುವ ನಡತೆಯ ಪ್ರಮಾಣಪತ್ರ

ದಾಂಡೇಲಿಯ ಯುವಕನೋರ್ವ ಇತ್ತೀಚೆಗೆ ಮೊಬೈಲ್ ಅಂಗಡಿಯೊಂದರಿಂದ ತಲೆ ತಗ್ಗಿಸಿಕೊಂಡು ಮರಳಿದ. ತಂದೆ ಗುತ್ತಿಗೆ ಕಾರ್ಮಿಕ. ಮಗನಿಗೆ ಹುಬ್ಬಳ್ಳಿಯಲ್ಲಿ ನೌಕರಿ ಸಿಕ್ಕಿ ವರ್ಷವಾಗಿದೆ. ಪ್ರತಿ ತಿಂಗಳು ಸಂಬಳ ಬ್ಯಾಂಕಿಗೆ ಬೀಳುತ್ತದೆ. ಮನೆಮಂದಿಯ ಸಂಖ್ಯೆಗಳನ್ನೆಲ್ಲ ಒಂದೇ ಪೋಸ್ಟ್‌ಪೇಯ್ಡ್ ಪ್ಲಾನಿಗೆ ಸೇರಿಸಿ, ಜೊತೆಗೆ ಕಂತಿನಲ್ಲೊಂದು ಫೋನ್ ಪಡೆಯುವ ಆಸೆ ಆತನದ್ದು. ಅಂಗಡಿಯವ ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನು ಕೇಳಿದ, ಒಟಿಪಿ ಪಡೆದ, ಎರಡೇ ನಿಮಿಷದಲ್ಲಿ ‘ನಿಮಗೆ ಆಗುವುದಿಲ್ಲ’ ಎಂದ. ಕಾರಣವೇನು ಎಂಬ ಪ್ರಶ್ನೆಗೆ ಸಿಕ್ಕಿದ್ದು ಒಂದೇ ಉತ್ತರ: ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ.’

ಮನೆಗೆ ಬಂದ ಮಗ ತಂದೆಯಲ್ಲಿ ಹೇಳಿದ್ದು: ‘ಹೆಸರು ನೋಡಿ ಬೇಡವೆಂದರು ಅಬ್ಬಾ.’

ಆ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅದಕ್ಕೊಂದು ಇತಿಹಾಸವಿದೆ. 2006ರಲ್ಲಿ ಸಲ್ಲಿಕೆಯಾದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿಯಲ್ಲಿ ಇಂತಹದ್ದೇ ಒಂದು ಕಹಿ ಸತ್ಯ ದಾಖಲಾಗಿತ್ತು. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ‘ನೆಗೆಟಿವ್ ವಲಯ’ವೆಂದು ಗುರುತಿಸಿ ಅಲ್ಲಿ ಸಾಲ ನೀಡಲು ಹಿಂಜರಿಯುತ್ತಿವೆ ಎಂದು ಆ ವರದಿ ಹೇಳಿತ್ತು. ವ್ಯಕ್ತಿ ಹೇಗಿದ್ದಾನೆಂದು ನೋಡದೆ ಆತನ ಕೇರಿಯನ್ನು ನೋಡಿ ತೀರ್ಮಾನಿಸುವ ಅನ್ಯಾಯವದು. ಆದ್ದರಿಂದ ಆ ಯುವಕನ ಅನುಮಾನಕ್ಕೆ ಆಧಾರವಿಲ್ಲವೆಂದು ಯಾರೂ ಹೇಳಲಾರರು.

ಆದರೆ ಈ ಪ್ರಕರಣದಲ್ಲಿ ಸತ್ಯ ಬೇರೆಯೇ ಆಗಿತ್ತು. ಪರಿಚಿತರೊಬ್ಬರ ಸಲಹೆಯಂತೆ ಆತ ತನ್ನ ಸಾಲದ ವರದಿಯನ್ನು ತರಿಸಿಕೊಂಡ. ಅದರಲ್ಲಿ ಆತ ಎಂದೂ ಬಳಸದ ಫೋನೊಂದರ ಸಾಲವಿತ್ತು. ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬನಿಗೆ ಫೋನ್ ಬೇಕಾಗಿತ್ತು, ಆ ಗೆಳೆಯನ ದಾಖಲೆ ಸರಿಯಿರಲಿಲ್ಲ. ‘ನಿನ್ನ ಹೆಸರಿನಲ್ಲಿ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ’ ಎಂದಿದ್ದ. ಕೊನೆಯ ಮೂರು ಕಂತುಗಳು ಪಾವತಿಯಾಗಲಿಲ್ಲ. ಗೆಳೆಯ ಮರೆತ, ಈತನೂ ಮರೆತ. ಮರೆಯದೆ ಉಳಿದದ್ದು ಲೆಕ್ಕದ ಪುಸ್ತಕ ಮಾತ್ರ.

ಈ ಪುಸ್ತಕವನ್ನು ಬರೆಯುವವರು ಯಾರು? ಅದನ್ನು ಓದುವವರು ಯಾರು? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನಮ್ಮ ಎಷ್ಟು ಮನೆಗಳಲ್ಲಿ ಈ ಬಗ್ಗೆ ತಿಳಿವಳಿಕೆಯಿದೆ?

ಪೋಸ್ಟ್‌ಪೇಯ್ಡ್ ಎಂದರೆ ಮೊದಲು ಬಳಕೆ, ಆಮೇಲೆ ಪಾವತಿ. ಅಂದರೆ ಅದೊಂದು ಸಣ್ಣ ಸಾಲ. ಸಾಲ ಕೊಡುವವನು ಪಡೆಯುವವನ ಬಗ್ಗೆ ವಿಚಾರಿಸುವುದು ಹೊಸದೇನಲ್ಲ. ಹಿಂದೆ ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕ ತೆರೆಯುವ ಮೊದಲು ‘ಯಾರ ಮಗ?’ ಎಂದು ಕೇಳುತ್ತಿದ್ದರು. ಇಂದು ಆ ಪ್ರಶ್ನೆಯನ್ನು ಕಂಪ್ಯೂಟರ್ ಕೇಳುತ್ತದೆ, ಅಷ್ಟೇ. ಕಂಪೆನಿಯು ಮೊದಲು ಅರ್ಜಿದಾರನ ಗುರುತು ಮತ್ತು ವಿಳಾಸವನ್ನು ಪರಿಶೀಲಿಸುತ್ತದೆ. ಆತನ ಹೆಸರಿನಲ್ಲಿ ಹಳೆಯ ಬಾಕಿಯಿದೆಯೇ ಎಂದು ನೋಡುತ್ತದೆ. ಬಳಿಕ ತಿಂಗಳಿಗೆ ಇಂತಿಷ್ಟು ಎಂಬ ಬಳಕೆಯ ಮಿತಿಯನ್ನು ನಿಗದಿಪಡಿಸುತ್ತದೆ, ಕೆಲವೊಮ್ಮೆ ಠೇವಣಿ ಕೇಳುತ್ತದೆ. ಇದಲ್ಲದೆ ಸಾಲಮಾಹಿತಿ ಕಂಪೆನಿಗಳ ವರದಿಯನ್ನು ನೋಡುವ ಅವಕಾಶವನ್ನೂ ಕಾನೂನು ಅದಕ್ಕೆ ನೀಡಿದೆ. 2005ರ ಸಾಲಮಾಹಿತಿ ಕಂಪೆನಿಗಳ ಕಾಯ್ದೆಯಡಿ 2006ರಲ್ಲಿ ರೂಪುಗೊಂಡ ನಿಯಮಗಳು, ಇಂತಹ ವರದಿಯನ್ನು ಪಡೆಯಬಲ್ಲವರ ಪಟ್ಟಿಯಲ್ಲಿ ಮೊಬೈಲ್ ಮತ್ತು ದೂರವಾಣಿ ಕಂಪೆನಿಗಳನ್ನು ಸ್ಪಷ್ಟವಾಗಿ ಹೆಸರಿಸಿವೆ. ಇನ್ನು ಫೋನನ್ನು ಕಂತಿನಲ್ಲಿ ಪಡೆಯುವುದಾದರೆ ಅಲ್ಲಿ ಹಣಕಾಸು ಕಂಪೆನಿ ನೇರವಾಗಿ ಸಾಲ ನೀಡುತ್ತದೆ. ಆ ಸಾಲದ ಪ್ರತಿಯೊಂದು ಕಂತಿನ ಚರಿತ್ರೆಯೂ ದಾಖಲಾಗುತ್ತದೆ.

ಭಾರತದಲ್ಲಿ ಇಂತಹ ನಾಲ್ಕು ಸಾಲಮಾಹಿತಿ ಕಂಪೆನಿಗಳಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಇವುಗಳಲ್ಲಿ ಹಿರಿಯದು. ಜನರು ಎಲ್ಲವನ್ನೂ ‘ಸಿಬಿಲ್’ ಎಂದೇ ಕರೆಯುವುದು ಇದೇ ಕಾರಣಕ್ಕೆ. ಇವು 300ರಿಂದ 900ರ ನಡುವೆ ಅಂಕ ಕೊಡುತ್ತವೆ. ಈ ಅಂಕವು ವ್ಯಕ್ತಿಯ ಪ್ರಾಮಾಣಿಕತೆಯನ್ನಾಗಲಿ, ಬಡತನ ಸಿರಿತನವನ್ನಾಗಲಿ ಅಳೆಯುವುದಿಲ್ಲ. ಆತ ಪಡೆದ ಸಾಲವನ್ನು ಹೇಳಿದ ದಿನಕ್ಕೆ ಮರಳಿಸಿದ್ದಾನೆಯೇ ಎಂಬುದೇ ಅದಕ್ಕೆ ಮುಖ್ಯ. ಮೊಹಲ್ಲಾದಲ್ಲಿ ಎಲ್ಲರೂ ನಂಬುವ ಸಜ್ಜನನ ಬಗ್ಗೆ ಈ ಪುಸ್ತಕದಲ್ಲಿ ಒಂದು ಗೆರೆಯೂ ಇಲ್ಲದಿರಬಹುದು.

ನಿಜವಾಗಿ, ನಮ್ಮ ಸಮಸ್ಯೆಯ ಮೊದಲ ಮುಖ ಇದುವೇ. ದೇಶದ ಮೊಬೈಲ್ ಸಂಪರ್ಕಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪ್ರೀಪೇಯ್ಡ್. ಪ್ರೀಪೇಯ್ಡ್ ಗ್ರಾಹಕ ಹತ್ತು ವರ್ಷ ತಪ್ಪದೆ ರೀಚಾರ್ಜ್ ಮಾಡಿದರೂ ಆತ ಸಾಲ ಪಡೆದವನಲ್ಲ, ಹಾಗಾಗಿ ಆ ಶಿಸ್ತು ಈ ಲೆಕ್ಕದಲ್ಲಿ ದಾಖಲಾಗುವುದಿಲ್ಲ. ನಮ್ಮ ಮನೆಗಳಲ್ಲಂತೂ ತಾಯಂದಿರ ಸಿಮ್ ಗಂಡನ ಹೆಸರಿನಲ್ಲಿ, ತಂದೆಯ ಸಿಮ್ ಮಗನ ಹೆಸರಿನಲ್ಲಿ, ಊರಿನಲ್ಲಿರುವವರ ಸಿಮ್ ಗಲ್ಫ್‌ನಲ್ಲಿರುವವರ ಹೆಸರಿನಲ್ಲಿ ಇರುವುದು ಸಾಮಾನ್ಯ. ವಿಳಾಸದ ಸಮಸ್ಯೆ ಇನ್ನೊಂದೆಡೆ. ಸೂಪಾ ಅಣೆಕಟ್ಟಿನಿಂದ ಊರನ್ನೇ ಕಳಕೊಂಡು ರಾಮನಗರಕ್ಕೆ ಬಂದವರು, ಕಾರ್ಖಾನೆಯ ಕೆಲಸಕ್ಕಾಗಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದವರು, ಹಳಿಯಾಳ ಮುಂಡಗೋಡಗಳ ಕಾಡಂಚಿನಲ್ಲಿರುವ ಸಿದ್ದಿ ಸಹೋದರರು: ಇವರ ಒಂದು ದಾಖಲೆಯಲ್ಲಿರುವ ವಿಳಾಸ ಇನ್ನೊಂದರಲ್ಲಿ ಇರುವುದಿಲ್ಲ. ಹೆಸರಿನ ಅಕ್ಷರವೂ ಹಾಗೆಯೇ. ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮಹಮ್ಮದ್, ಮತ್ತೊಂದು ಕಡೆ ಬರೇ ಎಮ್‌ಡಿ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳಾಗಿಬಿಡಬಹುದು. ಇಲ್ಲವೇ, ಒಂದೇ ಹೆಸರಿನ ಇಬ್ಬರ ಲೆಕ್ಕ ಒಂದಾಗಿಬಿಡಬಹುದು.

ಎರಡನೆಯ ಮುಖ ಹೆಚ್ಚು ಅಪಾಯಕಾರಿ. ಅದು ಹೆಸರನ್ನು ಎರವಲು ಕೊಡುವ ಚಾಳಿ. ಸ್ನೇಹಕ್ಕಾಗಿ, ದಾಕ್ಷಿಣ್ಯಕ್ಕಾಗಿ, ನೆಂಟಸ್ತನಕ್ಕಾಗಿ ಫೋನಿನ ಕಂತಿಗೂ ಗುಂಪು ಸಾಲಕ್ಕೂ ಸಹಿ ಹಾಕಿಕೊಡುವವರು ನಮ್ಮಲ್ಲಿ ಬಹಳ. ಕಿರುಸಾಲದ ವಿಚಾರದಲ್ಲಿ ಮಹಿಳೆಯರೇ ಇದಕ್ಕೆ ಹೆಚ್ಚು ಬಲಿಯಾಗುತ್ತಾರೆ. ಹಣ ಬಳಸಿದವರು ಇನ್ನಾರೋ, ಬಾಕಿದಾರರೆಂದು ದಾಖಲಾಗುವುದು ಮಾತ್ರ ಆ ತಾಯಿ. ಇನ್ನು ಕೆಲವರು ಪೋಸ್ಟ್‌ಪೇಯ್ಡ್ ಸಿಮ್ ಬೇಡವೆನಿಸಿದಾಗ ಅದನ್ನು ತೆಗೆದು ಎಸೆಯುತ್ತಾರೆ. ಸಿಮ್ ಎಸೆದರೆ ಸಂಪರ್ಕ ರದ್ದಾಗುವುದಿಲ್ಲ, ಬಾಡಿಗೆ ಬೆಳೆಯುತ್ತಲೇ ಇರುತ್ತದೆ. ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಲ್ಲಿ ಸಿಗ್ನಲ್ ಸಿಗದೆ ಬಿಲ್ಲಿನ ಸಂದೇಶವೇ ತಲುಪದಿರಲೂಬಹುದು. 2019ರ ಡಿಸೆಂಬರ್ 16ರ ಬಳಿಕವಂತೂ ಪೋಸ್ಟ್‌ಪೇಯ್ಡ್ ಬಾಕಿ ಇರುವವರಿಗೆ ಸಂಖ್ಯೆ ಉಳಿಸಿಕೊಂಡು ಕಂಪೆನಿ ಬದಲಿಸಲು ಬೇಕಾದ ಕೋಡ್ ಕೂಡ ಸಿಗುವುದಿಲ್ಲ.

ಗಲ್ಫ್‌ಗೆ ಹೋಗುವ ಯುವಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಸೌದಿ ಅರೇಬಿಯಾದಲ್ಲಿ ಸಿಮಾ ಎಂಬ ಸಾಲಮಾಹಿತಿ ಸಂಸ್ಥೆಯಿದೆ, ಯುಎಇಯಲ್ಲಿ ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೋ ಇದೆ. ಎರಡೂ ಕಡೆ ಮೊಬೈಲ್ ಬಿಲ್ಲಿನ ಬಾಕಿ ವ್ಯಕ್ತಿಯ ಸಾಲದ ಚರಿತ್ರೆಯ ಭಾಗವೇ ಆಗಿದೆ. ‘ಫೋನ್ ಬಿಲ್ ತಾನೇ’ ಎಂಬ ಉದಾಸೀನಕ್ಕೆ ಎಲ್ಲೂ ಜಾಗವಿಲ್ಲ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಬಗ್ಗೆ ಎಂಬುದನ್ನು ನಾವು ಒಮ್ಮೆ ನೆನಪಿಸಿಕೊಳ್ಳಬೇಕು. ಅದು ಅಲ್ ಬಕರ ಅಧ್ಯಾಯದ 282ನೇ ವಚನ. ಅದರ ವಿಷಯ ನಮಾಝ್ ಅಲ್ಲ, ಉಪವಾಸವಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದು, ಅದಕ್ಕೆ ಸಾಕ್ಷಿಗಳನ್ನು ಇರಿಸುವುದು. ಬರೆದಿಡುವುದು ಅಪನಂಬಿಕೆಯಲ್ಲ, ಅದು ಎರಡೂ ಕಡೆಯವರಿಗೆ ರಕ್ಷಣೆ ಎಂಬ ಪಾಠವನ್ನು ನಾವು ಓದಿದ್ದೇವೆ. ಆದರೆ ಗೆಳೆಯನ ಫೋನಿಗೆ ಸಹಿ ಹಾಕುವಾಗ ಒಂದು ಚೀಟಿಯನ್ನೂ ಬರೆಸಿಕೊಳ್ಳುವುದಿಲ್ಲ. ‘ಶೂನ್ಯ ಬಡ್ಡಿ’ ಎಂಬ ಫಲಕ ನೋಡಿ ನಿಶ್ಚಿಂತರಾಗುತ್ತೇವೆ. ಶೂನ್ಯ ಬಡ್ಡಿ ಎಂಬುದು ಅಸ್ತಿತ್ವದಲ್ಲೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬಡ್ಡಿಯನ್ನು ಸಂಸ್ಕರಣಾ ಶುಲ್ಕದಲ್ಲೋ ಕೈತಪ್ಪಿದ ರಿಯಾಯಿತಿಯಲ್ಲೋ ಅಡಗಿಸಿಟ್ಟಿರುತ್ತಾರೆ. ಕಂತು ತಪ್ಪಿದರೆ ದಂಡ ಬೇರೆ.

ಹಾಗಂತ ತಪ್ಪೆಲ್ಲ ಗ್ರಾಹಕನದ್ದೇ ಎಂದು ಕೈತೊಳೆದುಕೊಳ್ಳಲು ಕಂಪೆನಿಗಳಿಗೆ ಅವಕಾಶ ಕೊಡಬಾರದು. ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂಬುದು ಉತ್ತರವಲ್ಲ. ಕಾರಣ ಹೇಳದ ನಿರಾಕರಣೆಯೇ ಅನುಮಾನದ ತಾಯಿ. ಬಾಕಿಯಿದೆಯೆಂದು ಹೇಳಿದ್ದರೆ ಆ ಯುವಕ ಅದನ್ನು ತೀರಿಸುತ್ತಿದ್ದ. ಹೇಳದ ಕಾರಣ ಆತ ತನ್ನ ಹೆಸರನ್ನೇ ಶಂಕಿಸುವಂತಾಯಿತು. ಸಾಲ ಕೇಳಿದ ವ್ಯಕ್ತಿಯು, ಆ ಸಂಸ್ಥೆ ತನ್ನ ಬಗ್ಗೆ ಪಡೆದ ಮಾಹಿತಿಯ ಪ್ರತಿಯನ್ನು ಕೇಳಬಹುದೆಂದು 2005ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಅಂಗಡಿಯ ಕೌಂಟರಿನಲ್ಲಿ ಈ ಹಕ್ಕಿನ ಬಗ್ಗೆ ಯಾರಾದರೂ ಹೇಳಿದ್ದುಂಟೇ? ಹಿಂದೆಂದೂ ಸಾಲ ಪಡೆಯದವರ ಅರ್ಜಿಯನ್ನು, ಚರಿತ್ರೆಯಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಸಾಲ ನೀಡುವ ಸಂಸ್ಥೆಗಳಿಗೆ ಸಲಹೆ ನೀಡಿದೆ. ಕಾಗದದಲ್ಲಿರುವ ಈ ಮಾತು ದಾಂಡೇಲಿಯ ಅಂಗಡಿಯವರೆಗೆ ತಲುಪಬೇಡವೇ? ಅಂಕಗಳ ಮರೆಯಲ್ಲಿ ಸಾಚಾರ್ ವರದಿಯ ‘ನೆಗೆಟಿವ್ ವಲಯ’ಗಳು ಮತ್ತೆ ತಲೆಯೆತ್ತದಂತೆ ಕಾಯುವ ಹೊಣೆ ರಿಸರ್ವ್ ಬ್ಯಾಂಕಿನದ್ದೂ ಟ್ರಾಯ್‌ನದ್ದೂ ಆಗಿದೆ. ನಿರಾಕರಣೆಗೆ ಲಿಖಿತ ಕಾರಣ ಕಡ್ಡಾಯವಾದರೆ ಮಾತ್ರ ಅದು ಸಾಧ್ಯ. ಇದು ನಮ್ಮ ಸಮುದಾಯದ ಬೇಡಿಕೆ ಮಾತ್ರವಲ್ಲ, ಪ್ರತಿಯೊಬ್ಬ ಬಡ ಗ್ರಾಹಕನ ಬೇಡಿಕೆಯಾಗಬೇಕು.

ಅಷ್ಟರವರೆಗೆ ನಾವು ಸುಮ್ಮನಿರಬೇಕೇ? ಇರುವ ಹಕ್ಕುಗಳನ್ನಾದರೂ ಬಳಸೋಣ. 2017ರಿಂದ ಪ್ರತಿಯೊಂದು ಸಾಲಮಾಹಿತಿ ಕಂಪೆನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕು ಕಂಪೆನಿಗಳಿರುವುದರಿಂದ ವರ್ಷಕ್ಕೆ ನಾಲ್ಕು ಬಾರಿ ನೋಡುವ ಅವಕಾಶವಿದೆ. ತಪ್ಪು ಕಂಡುಬಂದರೆ ದೂರು ಸಲ್ಲಿಸಬೇಕು. 30 ದಿನಗಳೊಳಗೆ ಅದು ಪರಿಹಾರವಾಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಸಾಲಮಾಹಿತಿ ಕಂಪೆನಿಗಳೂ ಅವರ ವ್ಯಾಪ್ತಿಗೆ ಬಂದಿವೆ. ಬಿಲ್ಲಿನ ವಿವಾದವಾದರೆ ಮೊದಲು ಮೊಬೈಲ್ ಕಂಪೆನಿಯ ದೂರು ಕೇಂದ್ರ, ಬಳಿಕ ಅದರ ಮೇಲ್ಮನವಿ ಪ್ರಾಧಿಕಾರ. ಮೊಬೈಲ್ ಕಂಪೆನಿಯ ವಿರುದ್ಧ ಗ್ರಾಹಕ ಆಯೋಗಕ್ಕೂ ಹೋಗಬಹುದೆಂದು ಸುಪ್ರೀಮ್ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಘಟ್ಟ ಇಳಿದು ಕಾರವಾರಕ್ಕೆ ಹೋಗಲಾಗದವರು ಆನ್‌ಲೈನಿನಲ್ಲೂ ಆಯೋಗಕ್ಕೆ ದೂರು ಸಲ್ಲಿಸಬಹುದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು.

ಇನ್ನೊಂದು ಎಚ್ಚರಿಕೆ. ಹಳೆಯ ಬಾಕಿ ತೀರಿಸುವಾಗ ‘ಅರ್ಧ ಕಟ್ಟಿ, ಮುಗಿಸೋಣ’ ಎಂದು ಹೇಳುವವರಿದ್ದಾರೆ. ಹಾಗೆ ಮಾಡಿದರೆ ವರದಿಯಲ್ಲಿ ‘ಕ್ಲೋಸ್ಡ್’ ಎಂದಿರುವುದಿಲ್ಲ, ‘ಸೆಟಲ್ಡ್’ ಎಂದಿರುತ್ತದೆ. ಮುಂದೆ ಸಾಲ ನೀಡುವವರ ಕಣ್ಣಿಗೆ ಅದು ಕಳಂಕವೇ. ಸಾಧ್ಯವಾದಷ್ಟು ಪೂರ್ತಿ ಪಾವತಿಸಿ, ಬಾಕಿಯಿಲ್ಲವೆಂಬ ಪತ್ರವನ್ನು ಪಡೆದು ಜೋಪಾನವಾಗಿಡಬೇಕು.

ನಮ್ಮ ಮಸೀದಿಗಳ ಜಮಾಅತ್‌ಗಳು ಮತ್ತು ಯುವಕ ಸಂಘಗಳು ಆಧಾರ್ ತಿದ್ದುಪಡಿಗೆ, ಮತದಾರರ ಪಟ್ಟಿಗೆ, ವಿದ್ಯಾರ್ಥಿವೇತನಕ್ಕೆ ಶಿಬಿರಗಳನ್ನು ಏರ್ಪಡಿಸುತ್ತವೆ. ಅದೇ ಶಿಬಿರದಲ್ಲಿ ಇನ್ನೊಂದು ಮೇಜು ಇಟ್ಟರೆ ಸಾಕು. ಎಲ್ಲ ದಾಖಲೆಗಳಲ್ಲಿ ಹೆಸರು, ವಿಳಾಸಗಳು ಒಂದೇ ತೆರನಾಗಿವೆಯೇ ಎಂದು ನೋಡಿ, ಸಾಲದ ವರದಿಯನ್ನು ತೆಗೆದು, ಅದನ್ನು ಓದಿ ಹೇಳುವ ಇಬ್ಬರು ವಿದ್ಯಾವಂತ ಯುವಕ ಯುವತಿಯರು ಅಲ್ಲಿರಲಿ. ಇಂದು ಫೋನಿಗಾಗಿ ತೆರೆದ ಪುಸ್ತಕವನ್ನೇ ನಾಳೆ ಮಗಳ ಶಿಕ್ಷಣ ಸಾಲಕ್ಕೂ ಮಗನ ಆಟೋ ಸಾಲಕ್ಕೂ ತೆರೆಯುತ್ತಾರೆ ಎಂಬುದನ್ನು ಮರೆಯದಿರೋಣ.

ಆ ಯುವಕ ಮೂರು ಕಂತುಗಳನ್ನೂ ದಂಡವನ್ನೂ ತಾನೇ ಕಟ್ಟಿದ. ಗೆಳೆಯನ ಮೇಲೆ ಸಿಟ್ಟಿದೆಯೇ ಎಂದು ಕೇಳಿದಾಗ, ‘ಸಹಿ ನನ್ನದಲ್ಲವೇ’ ಎಂದ. ಹೌದು, ಸಹಿ ನಮ್ಮದೇ. ಆದ್ದರಿಂದ ಅದರ ಮೇಲೆ ಬರೆದಿರುವುದನ್ನು ಓದುವ ಹಕ್ಕೂ, ತಪ್ಪಿದ್ದರೆ ತಿದ್ದಿಸುವ ಹಕ್ಕೂ ನಮ್ಮದೇ.